ದುಡಿವ ಕೈಗೆ ದುಡಿಮೆಯ ಹಕ್ಕು: ಕಲ್ಲಹಳ್ಳಿಯ ದೇವರಾಜ ಅರಸರು



ಕಾಯಕದ ಮಹಿಮೆಯನ್ನು ಕೇಳದ ಊರು ನಮ್ಮ ಕಡೆ ಇಲ್ಲ. ಹಗ್ಗ ಹೊಸೆದು ಜಂಗಮ ದಾಸೋಹ ನಡೆಸಿದ ನುಲಿಯ ಚಂದಯ್ಯನವರು, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬದುಕಿದ ಮಾರಯ್ಯ ಲಕ್ಕಮ್ಮ ದಂಪತಿಗಳು, ದೋಣಿ ನಡೆಸಿದ ಅಂಬಿಗರ ಚೌಡಯ್ಯನವರು, ಇವರ ಕಥೆಗಳನ್ನು ಶ್ರಾವಣ ಮಾಸದ ಪುರಾಣದಲ್ಲಿ ಹಿರಿಯರು ತಲೆದೂಗಿ ಕೇಳುತ್ತಾರೆ. ಆದರೆ ಹಾಗೆ ಕೇಳಲು ಕುಳಿತವರಲ್ಲಿ ಎರಡು ಪ್ರಶ್ನೆಗಳನ್ನು ಎತ್ತುವವರು ಕಡಿಮೆ. ಮೈಯಲ್ಲಿ ಕಸುವಿದ್ದು, ಮನಸ್ಸೂ ಇದ್ದು, ಮಾಡಲು ಕೆಲಸವೇ ಸಿಗದವನು ಕಾಯಕ ಮಾಡುವುದು ಹೇಗೆ? ಕೋಳಿ ಕೂಗುವ ಹೊತ್ತಿನಿಂದ ದೀಪ ಹಚ್ಚುವ ಹೊತ್ತಿನ ತನಕ ವರ್ಷವಿಡೀ ದುಡಿದೂ ಆ ದುಡಿಮೆಯ ಫಲದಲ್ಲಿ ಒಂದು ಹಿಡಿಯನ್ನೂ ತನ್ನದೆನ್ನಲಾರದವನು ದಾಸೋಹ ಮಾಡುವುದು ಹೇಗೆ?

ಇವು ಅರ್ಥಶಾಸ್ತ್ರ ಓದಿದವರ ಪ್ರಶ್ನೆಗಳೆಂದು ಮಠದ ಪಡಸಾಲೆಯಲ್ಲಿ ಕುಳಿತವರು ಸುಮ್ಮನಿರುವಂತಿಲ್ಲ. ಕಲ್ಯಾಣದ ಶರಣರು ತಮ್ಮ ಕಾಲಕ್ಕೆ ಇದೇ ಪ್ರಶ್ನೆಗಳೊಡನೆ ಸೆಣಸಿದವರು. ನಮ್ಮ ಕಾಲದಲ್ಲಿ ರಾಜ್ಯಾಧಿಕಾರದ ಗದ್ದುಗೆಯ ಮೇಲೆ ಕುಳಿತು ಇವಕ್ಕೆ ಉತ್ತರ ಹುಡುಕಿದವರೊಬ್ಬರು ನಮ್ಮ ಹುಣಸೂರು ತಾಲ್ಲೂಕಿನವರೇ ಆಗಿದ್ದರು. ಬಿಳಿಕೆರೆ, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಕಡೆಯ ಹಿರಿಯರಲ್ಲಿ ಅವರನ್ನು ಕಣ್ಣಾರೆ ಕಂಡವರು ಈಗಲೂ ಇದ್ದಾರೆ. ಅವರ ಜೀವನವನ್ನು ಈ ವಾರ ನೆನೆಯೋಣ. ಅವರು ನಮ್ಮ ಮತದವರಲ್ಲ, ನಮ್ಮ ಸಮಾಜದವರಲ್ಲಿ ಹಲವರು ಅವರ ಮೇಲೆ ಮುನಿಸಿಕೊಂಡದ್ದೂ ಉಂಟು. ಆ ಮಾತನ್ನೂ ಮುಚ್ಚಿಡದೆ ಹೇಳುತ್ತೇವೆ.

ದೇವರಾಜ ಅರಸರು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಊರು ಕಲ್ಲಹಳ್ಳಿ. ಅರಸು ಮನೆತನ, ಮೈಸೂರು ರಾಜವಂಶದೊಡನೆ ನೆಂಟಸ್ತಿಕೆಯಿದ್ದ ಕುಲ. ತಾಯಿ ದೇವೀರಮ್ಮಣ್ಣಿ. ತಮ್ಮ ಕೆಂಪರಾಜ ಅರಸರು ಮುಂದೆ ಕನ್ನಡ ಚಿತ್ರರಂಗದಲ್ಲಿ ನಟರಾಗಿ, ನಿರ್ದೇಶಕರಾಗಿ ಹೆಸರು ಮಾಡಿದರು. ಮೈಸೂರಿನಲ್ಲಿ ಅರಸು ಮಕ್ಕಳ ವಿದ್ಯಾರ್ಥಿ ನಿಲಯದಲ್ಲಿದ್ದು ಓದಿದ ದೇವರಾಜರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನದ ಪದವಿ ಪಡೆದರು. ಆ ಕಾಲದಲ್ಲಿ ಪದವಿ ಪಡೆದ ಅರಸು ಮನೆಯ ಹುಡುಗನಿಗೆ ಅರಮನೆಯಲ್ಲೋ ಹುಜೂರು ಕಚೇರಿಯಲ್ಲೋ ಒಳ್ಳೆಯ ಹುದ್ದೆ ಸಿಗುವುದು ಕಷ್ಟವಿರಲಿಲ್ಲ. ಅವರು ಊರಿಗೆ ಮರಳಿ ನೇಗಿಲು ಹಿಡಿದರು. ಸರ್ಕಾರಿ ನೌಕರಿಯೇ ಮೋಕ್ಷವೆಂದು ನಂಬಿರುವ ಇಂದಿನ ನಮ್ಮ ಹುಡುಗರು ಇದನ್ನು ಒಂದು ಗಳಿಗೆ ಯೋಚಿಸಬೇಕು.

ಬೇಸಾಯ ಮಾಡುತ್ತಿದ್ದ ಆ ವರ್ಷಗಳಲ್ಲಿ ಅವರು ಏನೇನು ಕಂಡಿರಬೇಕೆಂಬುದನ್ನು ನಮ್ಮ ಸೀಮೆಯ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಒಬ್ಬರ ಹೊಲವನ್ನು ವಾರಕ್ಕೆ ಮಾಡಿ, ಕಣದಲ್ಲಿ ರಾಶಿ ಅಳೆಯುವಾಗ ಅರ್ಧ ಒಡೆಯನಿಗೆ ಕೊಟ್ಟು, ಉಳಿದರ್ಧದಲ್ಲಿ ಬಿತ್ತನೆಗೆಂದು ಪಡೆದ ಸಾಲ ತೀರಿಸಿ, ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗುವ ಒಕ್ಕಲು. ಮಗಳ ಮದುವೆಗೆಂದು ಒಡೆಯರಲ್ಲಿ ಪಡೆದ ಅಲ್ಪ ಸಾಲಕ್ಕೆ ಹತ್ತು ವರ್ಷದ ಮಗನನ್ನು ಜೀತಕ್ಕೆ ಬಿಟ್ಟ ತಂದೆ. ಆ ಹುಡುಗ ದನ ಕಾಯುತ್ತ, ಗೊಬ್ಬರ ಹೊರುತ್ತ ಬೆಳೆದು, ಮದುವೆಯಾಗಿ, ಆ ಮದುವೆಗೂ ಅಲ್ಲಿಯೇ ಸಾಲ ಮಾಡಿ ಮತ್ತೆ ಜೀತಕ್ಕೇ ಉಳಿಯುವುದು. ಇವೆಲ್ಲ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಯಾರೂ ಹುಬ್ಬೇರಿಸದ ಸಂಗತಿಗಳಾಗಿದ್ದವು.

1941ರಲ್ಲಿ ಅರಸರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಆಗ ಅವರಿಗೆ 26 ವರ್ಷ. 1952ರ ಮೊದಲ ಚುನಾವಣೆಯಲ್ಲಿ ಹುಣಸೂರಿನಿಂದ ಗೆದ್ದು ವಿಧಾನಸಭೆಗೆ ಹೋದರು. ಆಮೇಲೆ ಹುಣಸೂರಿನವರು ಅವರನ್ನು ಮತ್ತೆ ಮತ್ತೆ ಕಳಿಸಿದರು. ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯೂ ಆದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ಘಟಾನುಘಟಿಗಳೆಲ್ಲ ನಿಜಲಿಂಗಪ್ಪನವರ ಕಡೆ ನಿಂತರು. ಅರಸರು ಇಂದಿರಾ ಗಾಂಧಿಯವರ ಕಡೆ ನಿಂತರು. 1972ರ ಚುನಾವಣೆಯಲ್ಲಿ ಆ ಪಕ್ಷ ಗೆದ್ದು, ಅದೇ ಮಾರ್ಚ್ 20ರಂದು ಅವರು ಮುಖ್ಯಮಂತ್ರಿಯಾದರು.

ಏಕೀಕರಣವಾದ 1956ರಿಂದ 1971ರವರೆಗೆ ಈ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲರು ಎಲ್ಲರೂ ನಮ್ಮ ಸಮಾಜದವರೇ. ಅರಸರ ಜಾತಿಯವರಾದರೋ ಇಡೀ ರಾಜ್ಯದಲ್ಲಿ ಹುಡುಕಿದರೂ ಬೆರಳೆಣಿಕೆ. ಸ್ವಂತ ಜಾತಿಯ ಬಲವಿಲ್ಲದವನು ಬಲವಿಲ್ಲದ ಎಲ್ಲ ಜಾತಿಗಳನ್ನೂ ಒಟ್ಟಿಗೆ ಕಟ್ಟಿಕೊಂಡದ್ದರಲ್ಲಿ ರಾಜಕೀಯ ಜಾಣ್ಮೆಯೂ ಇತ್ತು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬರಿಯ ಜಾಣ್ಮೆಯಿಂದ ಮಾಡಿದವರು ಇಷ್ಟು ದೂರ ಹೋಗುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಪೂರ್ಣೋದ್ಯೋಗ ಎಂಬ ಮಾತನ್ನು ಪತ್ರಿಕೆಗಳಲ್ಲಿ ನೀವು ಓದಿರುತ್ತೀರಿ. ಇದು ಪಶ್ಚಿಮದ ನಾಡುಗಳಿಂದ ಬಂದ ಮಾತು. 1930ರ ಆಸುಪಾಸಿನಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಕಾರ್ಖಾನೆಗಳು ಬಾಗಿಲು ಹಾಕಿ ಲಕ್ಷ ಲಕ್ಷ ಜನ ಬೀದಿಗೆ ಬಿದ್ದರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರ 1935ರಿಂದ ರಸ್ತೆ, ಸೇತುವೆ, ಶಾಲೆಗಳನ್ನು ಕಟ್ಟಿಸುವ ಕೆಲಸಕ್ಕೆ ತಾನೇ ಕೂಲಿ ಕೊಟ್ಟು ಜನರನ್ನು ಹಚ್ಚಿತು. ಇಂಗ್ಲೆಂಡಿನಲ್ಲಿ ಬೆವರಿಜ್ ಎಂಬ ವಿದ್ವಾಂಸರು 1944ರಲ್ಲಿ ಗ್ರಂಥ ಬರೆದು, ಕೆಲಸ ಹುಡುಕುವವರಿಗಿಂತ ಖಾಲಿಯಿರುವ ಕೆಲಸಗಳೇ ಹೆಚ್ಚಾಗಿರುವ ಸ್ಥಿತಿಯನ್ನು ಪೂರ್ಣೋದ್ಯೋಗವೆಂದು ಕರೆದರು. ನಮ್ಮ ಸಂವಿಧಾನದ 41ನೆಯ ವಿಧಿ ಕೂಡ ಸರ್ಕಾರವು ತನ್ನ ಶಕ್ತಿಯ ಮಿತಿಯಲ್ಲಿ ಪ್ರಜೆಗಳಿಗೆ ಉದ್ಯೋಗದ ಹಕ್ಕನ್ನು ಒದಗಿಸಬೇಕೆಂದು ಹೇಳುತ್ತದೆ.

ಒಳ್ಳೆಯದು. ಆದರೆ ಈ ಅಳತೆಗೋಲನ್ನು ನಮ್ಮ ಹಳ್ಳಿಗೆ ತಂದರೆ ಒಂದು ವಿಚಿತ್ರ ಕಾಣುತ್ತದೆ. ಜೀತದಾಳಿಗೆ ವರ್ಷದಲ್ಲಿ ಒಂದು ದಿನವೂ ಕೆಲಸವಿಲ್ಲದ ದಿನವಿರಲಿಲ್ಲ! ಹಬ್ಬದ ದಿನವೂ ಅವನು ದನದ ಕೊಟ್ಟಿಗೆ ಬಳಿಯಲೇಬೇಕು. ತಲೆ ಎಣಿಸುವ ಲೆಕ್ಕದಲ್ಲಿ ಅವನು ಪೂರ್ಣ ಉದ್ಯೋಗಿ. ವಾರದ ಒಕ್ಕಲಿನ ಮನೆಯಲ್ಲಿ ಅಪ್ಪ, ಅವ್ವ, ಮಕ್ಕಳು, ಸೊಸೆ ಎಲ್ಲರೂ ಅದೇ ಎರಡು ಎಕರೆಗೆ ದುಡಿಯುತ್ತಿದ್ದರು. ಅವರಾರೂ ನಿರುದ್ಯೋಗಿಗಳ ಪಟ್ಟಿಯಲ್ಲಿರಲಿಲ್ಲ. ಹಾಗಾದರೆ ಊರಿಗೆ ಊರೇ ಪೂರ್ಣೋದ್ಯೋಗದಲ್ಲಿತ್ತು ಎನ್ನೋಣವೇ? ಶರಣರು ದುಡಿಮೆ ಎನ್ನುವ ಮಾತಿಗೆ ತೃಪ್ತರಾಗದೆ ಕಾಯಕ ಎಂಬ ಬೇರೆ ಮಾತನ್ನು ಹಿಡಿದದ್ದು ಇಂಥ ಕಡೆ ಅರ್ಥವಾಗುತ್ತದೆ. ಕಾಯಕದಲ್ಲಿ ದುಡಿದವನ ಇಚ್ಛೆ ಇರಬೇಕು, ದುಡಿದದ್ದು ಅವನ ಕೈಗೆ ಬರಬೇಕು, ಬಂದದ್ದರಲ್ಲಿ ಅವನು ಕೊಡುವಂತಿರಬೇಕು. ಜೀತದಾಳು ಕೊಡುವುದಾದರೂ ಏನನ್ನು?

ಅರಸರು ಈ ಮಾತುಗಳಲ್ಲಿ ಯೋಚಿಸಿದರೋ ಇಲ್ಲವೋ, ಅವರು ಹಿಡಿದ ದಾರಿ ಮಾತ್ರ ಇದಕ್ಕೆ ಒಪ್ಪುವಂತಿತ್ತು. ಕೆಲಸವಿಲ್ಲದವನಿಗೆ ಕೆಲಸ ಕೊಡುವುದಕ್ಕೆ ಮೊದಲು, ಇರುವ ಕೆಲಸವನ್ನು ದುಡಿಯುವವನದ್ದೇ ಮಾಡಲು ಹೊರಟರು.

ಮೊದಲು ಭೂಮಿ. 1961ರ ಭೂಸುಧಾರಣಾ ಕಾಯ್ದೆ ಪುಸ್ತಕದಲ್ಲಿ ಇದ್ದೇ ಇತ್ತು. ಅದರಲ್ಲಿ ತೂತುಗಳು ಬಹಳ. 1974ರಲ್ಲಿ ಅದನ್ನು ತಿದ್ದಿ, ಆ ವರ್ಷದ ಮಾರ್ಚ್ 1ರಿಂದ ಗೇಣಿಯಲ್ಲಿರುವ ಜಮೀನೆಲ್ಲ ಸರ್ಕಾರಕ್ಕೆ ಸೇರಿತೆಂದೂ, ಉಳುತ್ತಿರುವವನು ಅರ್ಜಿ ಹಾಕಿಕೊಂಡರೆ ಅವನಿಗೇ ಮಂಜೂರಾಗುವುದೆಂದೂ ಮಾಡಿದರು. ಒಂದು ಕುಟುಂಬಕ್ಕೆ ಖುಷ್ಕಿಯಾದರೆ 54 ಎಕರೆ, ಉತ್ತಮ ನೀರಾವರಿಯಾದರೆ 10 ಎಕರೆ ಎಂದು ಮಿತಿ ಇಟ್ಟರು. ಅರ್ಜಿಯ ನಮೂನೆಯ ಸಂಖ್ಯೆ 7. ಆ ಕಾಲದ ರೈತರ ಬಾಯಲ್ಲಿ ಏಳನೇ ನಂಬರ್ ಫಾರಂ ಎಂಬುದು ದೇವರ ಹೆಸರಿನಂತೆ ಓಡಾಡಿತು.

ಕಾಯ್ದೆಗಿಂತ ಹೆಚ್ಚು ಮೆಚ್ಚಬೇಕಾದ್ದು ಅದನ್ನು ನಡೆಸಿದ ಬಗೆ. ವ್ಯಾಜ್ಯ ಸಿವಿಲ್ ಕೋರ್ಟಿಗೆ ಹೋದರೆ ಬಡ ಒಕ್ಕಲು ಮೊಮ್ಮಗನ ಕಾಲಕ್ಕೂ ಅಲೆಯಬೇಕೆಂಬುದನ್ನು ಬಲ್ಲ ಅರಸರು ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ ಮಾಡಿದರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು, ಅವರಲ್ಲಿ ಪರಿಶಿಷ್ಟರೊಬ್ಬರಾದರೂ ಇರಬೇಕು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಒಕ್ಕಲು ತಾನೇ ನಿಂತು ತನ್ನ ಭಾಷೆಯಲ್ಲಿ, ಈ ಹೊಲದಲ್ಲಿ ಇಂಥ ವರ್ಷ ಇಂಥ ಬೆಳೆ ಇಟ್ಟಿದ್ದೆನೆಂದು ಹೇಳಿಕೊಳ್ಳುವಂತಾಯಿತು. ಅಕ್ಕಪಕ್ಕದ ಹೊಲದವರು ಸಾಕ್ಷಿ ನುಡಿದರು. ತಲೆಮಾರುಗಳಿಂದ ಒಡೆಯನ ಜಗಲಿಯ ಕೆಳಗೆ ಕೈಕಟ್ಟಿ ನಿಂತವನಿಗೆ ಸರ್ಕಾರಿ ಕಚೇರಿಯಲ್ಲಿ ಒಡೆಯನ ಎದುರೇ ನಿಂತು ಮಾತಾಡುವ ಧೈರ್ಯ ಬಂದದ್ದು ಭೂಮಿಗಿಂತ ದೊಡ್ಡ ಲಾಭವೆಂದು ನಮಗನಿಸುತ್ತದೆ. ಅರ್ಜಿ ಹಾಕಲು 1979ರ ಜೂನ್ 30ರವರೆಗೂ ಅವಕಾಶವಿತ್ತು. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿಗಳು ಬಂದು, ಲಕ್ಷಾಂತರ ಗೇಣಿದಾರರು ಭೂಮಿಯ ಒಡೆಯರಾದರು.

ಇನ್ನು ನಮ್ಮ ಮುನಿಸಿನ ಮಾತು. ಈ ಕಾಯ್ದೆ ಮಠ ಮಾನ್ಯಗಳ ಜಮೀನನ್ನೂ ಬಿಡಲಿಲ್ಲ. ದಾಸೋಹಕ್ಕೆಂದು ಭಕ್ತರು ಬಿಟ್ಟುಕೊಟ್ಟ ಹೊಲಗದ್ದೆಗಳು ಒಕ್ಕಲುಗಳ ಪಾಲಾದವು. ಬದಲಿಗೆ ಸರ್ಕಾರ ಕೊಡುವ ವರ್ಷಾಶನ ದಾಸೋಹದ ಒಲೆಗೆ ಸಾಲುತ್ತಿರಲಿಲ್ಲ. ಎರಡು ಮೂರು ಎಕರೆಯನ್ನು ಗೇಣಿಗೆ ಕೊಟ್ಟು ಅದರಲ್ಲೇ ಮಕ್ಕಳನ್ನು ಸಾಕುತ್ತಿದ್ದ ವಿಧವೆಯರು ಅದನ್ನು ಕಳೆದುಕೊಂಡರು. ಊರಿನ ಪೂಜೆ ನಡೆಸುತ್ತಿದ್ದ ಬಡ ಜಂಗಮರ ಮನೆಗಳಲ್ಲೂ ಹಾಗೆಯೇ ಆಯಿತು. ಸೇನೆಯಲ್ಲಿದ್ದವರಿಗೆ ವಿನಾಯಿತಿ ಕೊಟ್ಟ ಕಾಯ್ದೆ ವಿಧವೆಗೆ ಕೊಡಲಿಲ್ಲವೆಂಬ ನೋವು ನ್ಯಾಯವಾದದ್ದೇ. ಇದನ್ನು ನಾವು ಇಂದಿಗೂ ಅರಸರ ಕಾಯ್ದೆಯ ಒಂದು ಕುಂದೆಂದೇ ಎಣಿಸುತ್ತೇವೆ. ಆದರೆ ಮಠಗಳ ವಿಷಯದಲ್ಲಿ ಬೇರೆ ಮಾತು. ಒಕ್ಕಲಿನ ಬೆವರಿನಿಂದ ಬಂದ ಅರ್ಧ ರಾಶಿಯಲ್ಲಿ ನಡೆಸಿದ ದಾಸೋಹದ ಪುಣ್ಯ ಯಾರಿಗೆ ಸಲ್ಲುತ್ತದೆ, ಮಠಕ್ಕೋ ಒಕ್ಕಲಿಗೋ? ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಮರಳಿಸಿ ಬಾ ಎಂದು ಕಳಿಸಿದ ಲಕ್ಕಮ್ಮ ತಾಯಿಯ ಕಥೆ ಹೇಳುವ ನಾವು ಈ ಪ್ರಶ್ನೆಗೆ ತಲೆ ತಗ್ಗಿಸಲೇಬೇಕು. ಗೇಣಿ ಹೋದ ಮೇಲೂ ಮಠಗಳು ಬದುಕಿದವು. ಭಕ್ತರು ಹೊತ್ತು ತಂದ ಭತ್ತ, ರಾಗಿಗಳಿಂದ ಹಾಸ್ಟೆಲುಗಳ ಒಲೆ ಉರಿಯಿತು. ಭೂಮಿ ಪಡೆದ ಒಕ್ಕಲುಗಳಲ್ಲಿ ನಮ್ಮ ಸಮಾಜದ ಬಡವರೂ ಇದ್ದರು.

ಹಾಗೆಂದು ಈ ಕಾಯ್ದೆಯಿಂದ ನಮ್ಮ ಸೀಮೆಯ ಬಡತನವೆಲ್ಲ ಕಳೆಯಿತೆಂದು ಹೇಳುವುದು ಸುಳ್ಳಾಗುತ್ತದೆ. ಗೇಣಿ ಪದ್ಧತಿ ಗಟ್ಟಿಯಾಗಿದ್ದುದು ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಕಡೆ. ಅಲ್ಲಿ ಅದು ಸಮಾಜವನ್ನೇ ಮಗುಚಿ ಹಾಕಿತು. ನಮ್ಮ ಕಡೆ ಗೇಣಿದಾರರಿಗಿಂತ ತುಂಡು ಭೂಮಿಯೂ ಇಲ್ಲದ ಕೂಲಿಯವರು, ಜೀತದವರು ಹೆಚ್ಚು. ಗೇಣಿ ಚೀಟಿಯೇ ಇಲ್ಲದ ಕೂಲಿಯವನು ಏಳನೇ ನಂಬರ್ ಫಾರಂನಲ್ಲಿ ಏನು ಬರೆದಾನು? ಮಿತಿಗಿಂತ ಹೆಚ್ಚಿನ ಜಮೀನನ್ನು ಕಿತ್ತು ಭೂಮಿಯಿಲ್ಲದವರಿಗೆ ಹಂಚುವ ಕೆಲಸ ಮಾತ್ರ ಬಹಳ ಹಿಂದೆ ಬಿತ್ತು. ದೊಡ್ಡ ಹಿಡುವಳಿದಾರರು ಕಾಯ್ದೆ ಬರುವ ಮೊದಲೇ ಅಣ್ಣ ತಮ್ಮ, ಬೀಗರ ಹೆಸರಿಗೆ ಪಾಲು ಮಾಡಿಕೊಂಡಿದ್ದರು.

ಈ ಜನರನ್ನು ಮುಟ್ಟಿದ್ದು ಬೇರೆ ಎರಡು ಕಾಯ್ದೆಗಳು. 1975ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಜೀತವನ್ನು ರದ್ದು ಮಾಡಿತು, 1976ರಲ್ಲಿ ಅದು ಕಾಯ್ದೆಯಾಯಿತು. ಜೀತದಾಳಿನ ಸಾಲ ಆ ಕ್ಷಣಕ್ಕೇ ತೀರಿತೆಂದು ಅದು ಸಾರಿತು. ಇದು ದೆಹಲಿಯ ಕಾಯ್ದೆ, ನಿಜ. ಅದನ್ನು ಹಳ್ಳಿಗೆ ಮುಟ್ಟಿಸುವ ಮನಸ್ಸು ಬೆಂಗಳೂರಿನಲ್ಲಿ ಬೇಕಾಗಿತ್ತು, ಆ ಮನಸ್ಸು ಅರಸರಲ್ಲಿತ್ತು. ಜೊತೆಗೆ ರಾಜ್ಯವೇ ಋಣ ಪರಿಹಾರ ಕಾಯ್ದೆ ತಂದು ಸಣ್ಣ ರೈತರು, ಕೂಲಿಯವರು, ದುರ್ಬಲರು ಖಾಸಗಿಯವರಲ್ಲಿ ಮಾಡಿದ ಸಾಲದಿಂದ ಬಿಡುಗಡೆ ಕೊಟ್ಟಿತು. ಒತ್ತೆಯಿಟ್ಟ ತಾಳಿ, ಚೊಂಬು, ತಟ್ಟೆಗಳು ಎಷ್ಟೋ ಮನೆಗೆ ಮರಳಿ ಬಂದವು.

ಆದರೆ ಜೀತದ ಹಗ್ಗ ಕಡಿದ ಮರುದಿನ ಏನು? ಒಡೆಯನ ಮನೆಯ ಮುದ್ದೆಯೂ ನಿಂತಿತು. ಕೈಯಲ್ಲಿ ನೆಲವಿಲ್ಲ, ಎತ್ತಿಲ್ಲ, ಕಾಸಿಲ್ಲ. 1978ರಲ್ಲಿ ಬಿಡುಗಡೆಯಾದವರ ಪುನರ್ವಸತಿಗೆಂದು ಕೇಂದ್ರ, ರಾಜ್ಯಗಳು ಸಮನಾಗಿ ಹಾಕಿ ತಲಾ 4,000 ರೂಪಾಯಿ ಕೊಡುವ ಯೋಜನೆ ಬಂತು. ಅಷ್ಟರೊಳಗೆ ಎಷ್ಟೋ ಜನ ಹೊಟ್ಟೆಪಾಡಿಗೆ ಹಳೆಯ ಒಡೆಯನ ಬಾಗಿಲಿಗೇ ಮರಳಿದ್ದರು. ಬಿಡುಗಡೆಗೆ ಬೆನ್ನಾಸರೆಯಾಗಿ ಕೆಲಸ ಇಲ್ಲದಿದ್ದರೆ ಬಿಡುಗಡೆ ನಿಲ್ಲುವುದಿಲ್ಲ. ಸರ್ಕಾರ ಉದ್ಯೋಗಕ್ಕೆ ಖಾತರಿ ಕೊಡಬೇಕು ಎನ್ನುವ ಮಾತಿನ ತಿರುಳು ಇಲ್ಲಿಯೇ ಇದೆಯೆಂದು ನಾವು ತಿಳಿದಿದ್ದೇವೆ. ಬೇರೆ ಕಡೆ ಖಚಿತವಾಗಿ ಕೂಲಿ ಸಿಗುತ್ತದೆಂದು ಗೊತ್ತಿರುವವನು ಒಡೆಯನ ಮುಂದೆ ನೆಟ್ಟಗೆ ನಿಲ್ಲುತ್ತಾನೆ.

ಅಂಥ ಕೆಲಸ ಕೊಡಲೂ ಅರಸರ ಸರ್ಕಾರ ಕೈ ಹಾಕಿತು. ಹಳ್ಳಿಯ ಯುವಕರಿಗೂ ಕೂಲಿಯವರಿಗೂ ಗುತ್ತಿಗೆದಾರನ ಹಂಗಿಲ್ಲದೆ ರಸ್ತೆ, ಕೆರೆ, ಶಾಲೆ ಕಟ್ಟಡಗಳ ಕೆಲಸ ಸಿಗಲೆಂದು 1971ರಲ್ಲಿ ಆರಂಭವಾಗಿದ್ದ ಭೂಸೇನೆಯನ್ನು 1974ರ ಆಗಸ್ಟಿನಲ್ಲಿ ನಿಗಮವಾಗಿ ಮಾಡಿದರು. ಸೇನೆಯೆಂಬ ಹೆಸರೇ ಚೆನ್ನಾಗಿದೆ. ಕೋವಿಯ ಬದಲು ಗುದ್ದಲಿ ಹಿಡಿದ ಸೇನೆ. ಆ ನಿಗಮ ಈಗ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮವೆಂಬ ಹೆಸರಿನಲ್ಲಿದೆ. ಗುತ್ತಿಗೆದಾರನ ಹಂಗಿಲ್ಲದೆ ಎಂಬ ಮೂಲ ಸಂಕಲ್ಪ ಎಷ್ಟು ಉಳಿದಿದೆಯೆಂಬುದನ್ನು ಅದರ ಕಾಮಗಾರಿಗಳನ್ನು ಕಂಡವರೇ ಹೇಳಬೇಕು.

ಓದಿ ಕೆಲಸವಿಲ್ಲದ ಪದವೀಧರರ ಪ್ರಶ್ನೆ ಬೇರೆ. 1970ರ ದಶಕಕ್ಕೆ ಹಳ್ಳಿಯಿಂದ ಮೊದಲ ಬಾರಿಗೆ ಕಾಲೇಜು ಹತ್ತಿದ ಮಕ್ಕಳು ಪದವಿ ಹಿಡಿದು ಊರಿಗೆ ಮರಳುತ್ತಿದ್ದರು. ಹೊಲಕ್ಕೂ ಒಗ್ಗದೆ, ಕಚೇರಿಗೂ ಸೇರದೆ ಅರಳಿಕಟ್ಟೆಯ ಮೇಲೆ ಕುಳಿತಿದ್ದರು. ಅರಸರು ಇಂಥ ಸಾವಿರಾರು ಯುವಕರಿಗೆ ಸ್ಟೈಪೆಂಡ್ ಕೊಟ್ಟು ಸರ್ಕಾರಿ ಕಚೇರಿಗಳಲ್ಲಿ ಕೆಲಸಕ್ಕೆ ಹಚ್ಚಿದರು. ಮುಂದೆ ಅವರನ್ನು ಕಾಯಂ ಮಾಡಿಕೊಳ್ಳಲಾಯಿತು. ಸ್ಟೈಪೆಂಡರಿ ನೌಕರರೆಂದೇ ಅವರಿಗೆ ಹೆಸರು. ಕುಲದಲ್ಲಿ ಮೊದಲ ಬಾರಿಗೆ ತಿಂಗಳ ಸಂಬಳ ಕಂಡ ಮನೆಗಳು ಎಷ್ಟೋ. ಆ ಸಂಬಳದಲ್ಲಿ ತಂಗಿಯ ಮದುವೆಯಾಯಿತು, ತಮ್ಮ ಓದಿದ, ಹೆಂಚಿನ ಮನೆ ಎದ್ದಿತು.

ಇದಕ್ಕೂ ಆಕ್ಷೇಪವಿತ್ತು. ಪರೀಕ್ಷೆಯಿಲ್ಲದೆ ನೌಕರಿ, ಕೆಲಸಕ್ಕಿಂತ ಹೆಚ್ಚು ಜನ, ಬೊಕ್ಕಸಕ್ಕೆ ಹೊರೆ ಎಂದು ಬಲ್ಲವರು ಗೊಣಗಿದರು. ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಊರಿಗೆ ಇಬ್ಬರು ಮೂವರನ್ನು ಕಚೇರಿಗೆ ಸೇರಿಸಬಹುದು, ಊರನ್ನೇ ಸೇರಿಸಲಾಗದು. ಪೂರ್ಣೋದ್ಯೋಗವೆಂದರೆ ಎಲ್ಲರೂ ಸರ್ಕಾರಿ ಕುರ್ಚಿಯಲ್ಲಿ ಕೂರುವುದೆಂಬ ಭ್ರಮೆ ನಮ್ಮ ಯುವಕರಲ್ಲಿ ಬೇರೂರಲು ಈ ಯೋಜನೆಯೂ ಸ್ವಲ್ಪ ಕಾರಣವಾಯಿತೋ ಏನೋ. ಆದರೂ ಒಂದು ಅಂಶ ಗಮನಿಸಬೇಕು. ಅರಸರು ಹಣ ಕೊಟ್ಟರು, ಹಣದ ಜೊತೆಗೆ ಕೆಲಸವನ್ನೂ ಕೊಟ್ಟರು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಎರಡು ವರ್ಷದ ಮಿತಿಯಲ್ಲಿ. ಕಷ್ಟಕಾಲದಲ್ಲಿ ಅದೂ ನೆರವೇ, ಬೇಡವೆನ್ನಲು ನಾವು ಯಾರು? ಆದರೆ ಖಾತೆಗೆ ಬರುವ ಹಣ ಹುಡುಗನ ಬೆಳಗನ್ನು ತುಂಬುವುದಿಲ್ಲ. ಎದ್ದು ಹೋಗಲು ಒಂದು ಕೆಲಸ ಬೇಕು.

ಹಾವನೂರು ಆಯೋಗದ ವಿಷಯ ಹೇಳದಿದ್ದರೆ ನೀವೇ ಕೇಳುತ್ತೀರಿ. ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ 1972ರಲ್ಲಿ ನೇಮಕವಾದ ಹಿಂದುಳಿದ ವರ್ಗಗಳ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಅದರಲ್ಲಿ ನಮ್ಮ ಸಮಾಜವನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟಿದ್ದರು. ದೊಡ್ಡ ಗದ್ದಲವಾಯಿತು. ಊರೂರಲ್ಲಿ ಸಭೆಗಳು ನಡೆದವು. ಲಿಂಗಾಯತರೆಲ್ಲ ಪಟೇಲರೂ ಶ್ಯಾನುಭೋಗರೂ ಅಲ್ಲ, ನಮ್ಮಲ್ಲೂ ಹೊತ್ತಿನ ಗಂಜಿಗೆ ಪರದಾಡುವವರಿದ್ದಾರೆಂಬ ವಾದದಲ್ಲಿ ಸತ್ಯವಿತ್ತು. ಕ್ಷೌರಿಕ, ಮಡಿವಾಳ, ಕುಂಬಾರ, ಗಾಣಿಗ, ಬೆಸ್ತ, ಉಪ್ಪಾರರ ಮಕ್ಕಳು ಸರ್ಕಾರಿ ಕಚೇರಿಯ ಮೆಟ್ಟಿಲನ್ನೇ ಹತ್ತಿರಲಿಲ್ಲವೆಂಬುದರಲ್ಲಿ ಅದಕ್ಕಿಂತ ದೊಡ್ಡ ಸತ್ಯವಿತ್ತು. ಅನುಭವ ಮಂಟಪದಲ್ಲಿ ಜಾಗ ಪಡೆದವರು ಯಾರ ಕುಲದವರು ಎಂದು ನೆನೆದರೆ ಸಾಕು. 1977ರಲ್ಲಿ ಇದೇ ವರ್ಗಗಳಿಗೆ ಸ್ವಂತ ಉದ್ಯೋಗಕ್ಕೆ ಸಾಲ ಕೊಡುವ ಅಭಿವೃದ್ಧಿ ನಿಗಮವೂ ಹುಟ್ಟಿತು. ಅದು ಈಗ ಅರಸರ ಹೆಸರಿನಲ್ಲೇ ಇದೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದ್ದೂ ಅವರ ಸರ್ಕಾರವೇ, ಮಂತ್ರಿ ಬಸವಲಿಂಗಪ್ಪನವರ ಹಟದಿಂದ. ಯಾವ ಕೆಲಸವೂ ಕೀಳಲ್ಲವೆಂದು ಶರಣರು ಸಾರಿದರು. ಕೆಲಸದ ಹೆಸರಿನಲ್ಲಿ ಮನುಷ್ಯನನ್ನು ಕೀಳಾಗಿಸುವುದನ್ನು ಅವರೂ ಒಪ್ಪುತ್ತಿರಲಿಲ್ಲ.

ಅರಸರ ಬದುಕಿನ ನೆರಳುಗಳನ್ನೂ ಹೇಳಬೇಕು. ಅವರ ಕಾಲದಲ್ಲೇ, 1974ರಲ್ಲಿ, ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡು ಅನೇಕ ಹಳ್ಳಿಗಳೂ ಕಾಕನಕೋಟೆಯ ಕಾಡೂ ಮುಳುಗಿದವು. ನಾಗರಹೊಳೆಯ ಕಾಡಿನಿಂದ ಹೊರಬಿದ್ದ ಜೇನುಕುರುಬರು ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿಯಾದರು. ಕಾಡೇ ಕಾಯಕವಾಗಿದ್ದವರಿಗೆ ಏಳನೇ ನಂಬರ್ ಫಾರಂನಲ್ಲಿ ಜಾಗವಿರಲಿಲ್ಲ. ತುರ್ತು ಪರಿಸ್ಥಿತಿಯ ಕತ್ತಲೆಯಲ್ಲಿ ಅವರ ಸರ್ಕಾರವೂ ಭಾಗಿಯಾಗಿತ್ತು. ಭ್ರಷ್ಟಾಚಾರದ ಆಪಾದನೆಗಳ ವಿಚಾರಣೆಗೆ 1977ರಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಗ್ರೋವರ್ ಆಯೋಗವನ್ನು ನೇಮಿಸಿತು. ಅದೇ ಡಿಸೆಂಬರ್ 31ರಂದು ಅವರ ಸರ್ಕಾರ ಹೋಗಿ ರಾಷ್ಟ್ರಪತಿ ಆಳ್ವಿಕೆ ಬಂತು. ಎರಡೇ ತಿಂಗಳಲ್ಲಿ, 1978ರ ಫೆಬ್ರವರಿಯಲ್ಲಿ, ಜನ ಅವರನ್ನು ಮತ್ತೆ ಗೆಲ್ಲಿಸಿದರು. ಬಡವರಿಗೆ ಅವರ ಮೇಲಿದ್ದ ಋಣಭಾವ ಆಪಾದನೆಗಳಿಗಿಂತ ಭಾರವಾಗಿತ್ತು. ಗುಡಿಸಲಿಗೆ ಒಂದು ವಿದ್ಯುತ್ ದೀಪ ಕೊಡುವ ಭಾಗ್ಯಜ್ಯೋತಿ, ಸೂರಿಲ್ಲದವರಿಗೆ ಜನತಾ ಮನೆ, ಇವೆಲ್ಲ ಅವರ ಕಾಲದಲ್ಲಿ ಬಂದವು.

1979ರಲ್ಲಿ ಇಂದಿರಾ ಗಾಂಧಿಯವರೊಡನೆ ಮುರಿದುಕೊಂಡರು. 1980ರ ಜನವರಿಯಲ್ಲಿ ಅಧಿಕಾರ ಹೋಯಿತು. ಬಳಿಗೆ ಬಂದಿದ್ದವರಲ್ಲಿ ಹೆಚ್ಚಿನವರು ಅಷ್ಟೇ ಬೇಗ ದೂರ ಸರಿದರು. 1982ರ ಜೂನ್ 6ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 66 ವರ್ಷ.

ಅರಸರು ಮಾಡದೆ ಉಳಿಸಿದ್ದು ಒಂದು. ಕೇಳಿದವನಿಗೆ ಕೆಲಸ ಕೊಡಲೇಬೇಕು ಎಂಬ ಕಾನೂನನ್ನು ಅವರು ತರಲಿಲ್ಲ. ನೆರೆಯ ಮಹಾರಾಷ್ಟ್ರ 1972ರ ಬರಗಾಲದಲ್ಲಿ ಶುರುವಾದ ಉದ್ಯೋಗ ಖಾತರಿ ಯೋಜನೆಯನ್ನು 1977ರಲ್ಲೇ ಕಾಯ್ದೆ ಮಾಡಿ, ಪಟ್ಟಣದ ನೌಕರರ ವೃತ್ತಿ ತೆರಿಗೆಯಿಂದ ಹಣ ತೆಗೆದಿತ್ತು. ಇಡೀ ದೇಶಕ್ಕೆ ಅಂಥ ಕಾಯ್ದೆ ಬರಲು 2005ರವರೆಗೆ ಕಾಯಬೇಕಾಯಿತು. ಮನೆಗೆ ವರ್ಷಕ್ಕೆ 100 ದಿನ, ಅರ್ಜಿ ಹಾಕಿದ 15 ದಿನದೊಳಗೆ ಕೆಲಸ, ಕೊಡದಿದ್ದರೆ ಭತ್ಯೆ ಎಂದು ಅದು ಹೇಳಿತು. 2008ರ ಹೊತ್ತಿಗೆ ನಮ್ಮ ಜಿಲ್ಲೆಗೂ ತಲುಪಿತು. 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂಬುದನ್ನು ನಮ್ಮ ತಾಯಂದಿರು ಮೊದಲು ನೋಡಿದ್ದು ಅಲ್ಲಿಯೇ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ 125 ದಿನದ ಮಾತಿರುವ ಬೇರೆ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ರಾಜ್ಯಗಳು ಹೊರುವ ಪಾಲು ಹೆಚ್ಚು, ಬೇಸಾಯದ ಭರಾಟೆಯ ದಿನಗಳಲ್ಲಿ ಕೆಲಸ ನಿಲ್ಲಿಸುವ ಅವಕಾಶವೂ ಇದೆ. ನಾಟಿ, ಕಟಾವಿನ ಕಾಲದಲ್ಲಿ ಆಳು ಸಿಗುವುದಿಲ್ಲವೆಂದು ಹೊಗೆಸೊಪ್ಪಿನ ಬೆಳೆಗಾರರು ನಮ್ಮಲ್ಲೂ ದೂರುತ್ತಾರೆ, ಅವರ ಕಷ್ಟ ಸುಳ್ಳಲ್ಲ. ಆದರೆ ಕೂಲಿ ನಾಲ್ಕು ಕಾಸು ಹೆಚ್ಚಾಗಿ ಕೇಳುವ ಕಾಲ ಅವಳಿಗೆ ಅದೊಂದೇ.

ಕೊಟ್ಟ ಭೂಮಿ ಕೈಜಾರಬಹುದೆಂಬುದನ್ನು ಅರಸರು ಮೊದಲೇ ಬಲ್ಲವರಾಗಿದ್ದರು. ನ್ಯಾಯಮಂಡಳಿಯಿಂದ ಬಂದ ಜಮೀನನ್ನು 15 ವರ್ಷ ಪರಭಾರೆ ಮಾಡಬಾರದೆಂಬ ನಿಬಂಧನೆ ಕಾಯ್ದೆಯಲ್ಲಿತ್ತು. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನು ಬೇರೆಯವರ ಪಾಲಾಗದಂತೆ ತಡೆಯುವ ಕಾಯ್ದೆಯನ್ನು ಅವರೇ 1978ರಲ್ಲಿ ತಂದರು, ಅದು ಈಗಲೂ ಜಾರಿಯಲ್ಲಿದೆ. ಉಳಿದವರ 15 ವರ್ಷ ಎಂದೋ ಮುಗಿಯಿತು. ಬೇಸಾಯಗಾರರಲ್ಲದವರು ಹೊಲ ಕೊಳ್ಳಬಾರದೆಂಬ ತಡೆಯನ್ನು 2020ರಲ್ಲಿ ತೆಗೆದುಹಾಕಲಾಯಿತು. ಇಲವಾಲ ದಾಟಿ ಬಿಳಿಕೆರೆ ಕಡೆಗೆ ಬರುವ ಹೆದ್ದಾರಿಯ ಬದಿಯಲ್ಲಿ ನಿವೇಶನಗಳ ಫಲಕಗಳನ್ನು ನೀವೆಲ್ಲ ನೋಡಿದ್ದೀರಿ. ಏಳನೇ ನಂಬರ್ ಫಾರಂ ಹಾಕಿ ಅಜ್ಜ ಪಡೆದ ಹೊಲವನ್ನು ಮಾರಿ, ಮೈಸೂರಿನ ಯಾವುದೋ ಬಡಾವಣೆಯಲ್ಲಿ ರಾತ್ರಿ ಪಾಳಿಯ ಕಾವಲು ಕೆಲಸಕ್ಕೆ ಸೇರಿದ ಮೊಮ್ಮಗ ಮಠಕ್ಕೆ ಬಂದಾಗ ಕಾಯಂ ಆಗುವ ಕೆಲಸ ಎಲ್ಲಾದರೂ ಇದೆಯೇ ಎಂದು ನಮ್ಮನ್ನೇ ಕೇಳುತ್ತಾನೆ.